ಗದ್ದದಲ್ಲಿ ದಾರಿ ತೋರಿಸುವ ಪರಮಶಿವಯ್ಯ

ಹಾನುಬಾಳಿನವರಿಗೆಲ್ಲ ಅವರು ಮಿಲಿಟ್ರಿ ಪರಮಶಿವಯ್ಯ. ಆದರೆ ಕೋವಿ ಹಿಡಿದವರಲ್ಲ, ಸೈನ್ಯದ ಡಿಪೋದಲ್ಲಿ ಕಂಬಳಿ, ಬೂಟು ವಿತರಿಸುವ ಸಿವಿಲಿಯನ್ ನೌಕರರು. ರಜೆಗೆ ಬಂದರೆ ಹೋಟೆಲಿನಲ್ಲಿ "ನೀವೇನ್ ತಗಂತೀರೋ ನಂಗೂ ಅದೇ" ಎನ್ನುತ್ತಾರೆ, ಜೀಪಿನಲ್ಲಿ ಎಲ್ಲರೂ ಕೂತ ಮೇಲೆ ಉಳಿದ ಮೂಲೆಗೆ ಹತ್ತುತ್ತಾರೆ, ನಾಯಿಯನ್ನೂ "ಸ್ವಲ್ಪ ಆಚೆ ಹೋಗ್ತೀಯೇನಪ್ಪ" ಎಂದು ಕೇಳಿಕೊಳ್ಳುತ್ತಾರೆ. ಯಾರಾದರೂ ದಾರಿ ಕೇಳಿದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗದ್ದವನ್ನಷ್ಟೇ ಅತ್ತ ತಿರುಗಿಸುತ್ತಾರೆ. ಇಂಥವರನ್ನು ಡಿಪೋದವರು ನಾಯಕತ್ವ ತರಬೇತಿಗೆ ಆರಿಸಿಬಿಟ್ಟಿದ್ದಾರೆ. ತಂಡದ ಮುಂದೆ ನಿಂತು, ಕೈ ಚಾಚಿ, ಹುಕುಂ ಕೊಡಬೇಕಂತೆ. ಸುದ್ದಿ ಬಂದಾಗಿನಿಂದ ಅವರು ಹೋಗದಿರಲು ನೆಪ ಹುಡುಕುತ್ತಿದ್ದಾರೆ. ಊರು ನಗುತ್ತದೆ, ಹೆಂಡತಿ ಸುಮನಾ ನಗುವುದಿಲ್ಲ. ಹಿಂದೊಮ್ಮೆ ತೋಟದಲ್ಲಿ ಆನೆ ಘೀಳಿಟ್ಟಾಗ, ಗಾಬರಿಯಲ್ಲಿ ಪರಮಶಿವಯ್ಯ ಕೈ ತೋರಿಸಿದ ಕಡೆಗೇ ಅವರ ತಮ್ಮ ಓಡಿದ್ದ. ಆನೆ ಇದ್ದದ್ದೂ ಅಲ್ಲೇ. ತಮ್ಮ ಉಳಿಯಲಿಲ್ಲ. ನಿನ್ನೆ ಕಾಫಿ ಕಣದಲ್ಲಿ ಅವಳೇ ಅಭ್ಯಾಸ ಮಾಡಿಸಲು ನಿಂತಳು. "ನಾನೇ ನಿಮ್ ತಂಡ ಅಂದ್ಕಳಿ. ಕೈ ಎತ್ರಿ, ಯಾವ್ ಕಡೆ ಹೋಗ್ಲಿ?" ಅವರ ಕೈ ತೋಟದತ್ತ ಎದ್ದಿತು. ಅವಳು ಒಂದು ಹೆಜ್ಜೆ ಇಟ್ಟಳಷ್ಟೇ, ಪರಮಶಿವಯ್ಯ ಓಡಿಹೋಗಿ, ಸೆರಗು ಹಿಡಿದೆಳೆದು, ತೋಟದ ಕೂಲಿಯವರ ಲೈನು ಮನೆಗಳಿಗೆಲ್ಲ ಕೇಳುವಂತೆ ಕೂಗಿದರು: "ಅಲ್ಲೇ ನಿಂತ್ಕಳೇ!"