ತಿಪ್ಪವ್ವನ ಕುಣಿ

ಬೆಟಗೇರಿಯ ಹಳ್ಳದ ದಂಡೆಯ ಗುಡಿಸಲುಗಳಲ್ಲಿ ಮೊದಲ ಜಾಗ ಮಗ್ಗಕ್ಕೆ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ ನೇಯಬೇಕು. ಒಲೆ, ಹಾಸಿಗೆ, ಮಕ್ಕಳು ಉಳಿದ ಜಾಗದಲ್ಲಿ. ಗಂಡ ದೇವಪ್ಪ ತೀರಿಕೊಂಡ ಮೇಲೆ ಅವನ ಕುಣಿಯಲ್ಲಿ ತಿಪ್ಪವ್ವ ಕುಳಿತಳು. ಅವನ ಕಾಲು ಉದ್ದ, ಇವಳದು ಗಿಡ್ಡ. ತಳಕ್ಕೆ ಒಂದಿಷ್ಟು ಮಣ್ಣು ತುಂಬಿ ಏರಿಸಿಕೊಂಡಳು. ಆ ಮಗ್ಗವೇ ಅವಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಸಾಕಿತು.

ಏಕೀಕರಣವಾದ ಮರುವರ್ಷ ಸರಕಾರದವರು ಗುಡಿಸಲು ತೆಗೆದು ಅಲ್ಲೇ ಹಂಚಿನ ಮನೆಗಳ ಸಾಲು ಕಟ್ಟಿಸಿದರು. ನಳ ಬಂತು, ಗಟಾರ ಬಂತು, ಹಳ್ಳದ ನೀರು ಒಳಗೆ ನುಗ್ಗುವುದು ನಿಂತಿತು. ಅದು ಒಳ್ಳೆಯದಲ್ಲವೆಂದು ತಿಪ್ಪವ್ವ ಎಂದೂ ಹೇಳಲಿಲ್ಲ. ಆದರೆ ಗೋಡೆಯಿಂದ ಗೋಡೆಗೆ ಪರಸಿಗಲ್ಲು ಹಾಸಿದ್ದರು. ಕಲ್ಲು ಕಿತ್ತವರ ಮನೆ ವಾಪಸ್ ಎಂದು ಡಂಗುರವನ್ನೂ ಸಾರಿಸಿದ್ದರು. ನೇಕಾರರಿಗೆಂದೇ ಕಟ್ಟಿದ ಮನೆಯಲ್ಲಿ ನೇಯುವವರು ಎಲ್ಲಿ ಕೂಡಬೇಕೆಂದು ಒಬ್ಬರಾದರೂ ಕೇಳಬೇಡವೇ?

ಮನೆ ಹಂಚುವ ದಿನ ತಿಪ್ಪವ್ವ ಮೈಸೂರು ಕಡೆಯ ಇಂಜಿನಿಯರರ ಮುಂದೆ ಕೈಮುಗಿದು ನಿಂತಳು.

“ಸಾಹೇಬ್ರ, ಮನ್ಯಾಗ ಕುಣಿ ಬೇಕ್ರಿ.”

“ಮನೆಯೊಳಗೆ ಕುಣೀಬೇಕಾ? ಧಾರಾಳವಾಗಿ ಕುಣೀರಮ್ಮ, ಯಾರು ಬೇಡ ಅಂದ್ರು?”

ಇಂಜಿನಿಯರರು ನಕ್ಕರು. ಅವರ ಸೀಮೆಯಲ್ಲಿ ಕುಣಿಗೆ ಗುಂಡಿ ಎನ್ನುತ್ತಾರೆ. ಅವರಿಗೆ ತಿಳಿಯಲಿಲ್ಲ, ಬಿಡಿ. ಪಕ್ಕದಲ್ಲಿದ್ದ ಗುಮಾಸ್ತ ಪುಂಡಲೀಕಪ್ಪ ಬೆಟಗೇರಿಯವನೇ, ಮಗ್ಗದ ಸಪ್ಪಳದಲ್ಲೇ ಬೆಳೆದವನು. ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ತಿಳಿಸಿ ಹೇಳುವ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ.

ನೆರೆಮನೆಯ ಶಮಶಾದಬಿ ಸಂಜೆ ಕೆಣಕಿದಳು: “ತಿಪ್ಪಕ್ಕಾ, ಗೆಜ್ಜಿ ತರ್ಲೇನ? ಪರವಾನಗಿ ಸಿಕ್ಕೈತೆಲ್ಲ!”

“ತಾರವ್ವಾ, ನಿನಗೂ ಒಂದ್ ಜೋಡಿ ತಾ. ಹೊಟ್ಟಿಗಿ ಇಲ್ದಾಗ ಇಬ್ರೂ ಕೂಡೇ ಕುಣಿಯೂಣು.”

ಮಗ್ಗದ ಕಟ್ಟಿಗೆ ಹಿತ್ತಲಲ್ಲಿ ಮಳೆಗೆ ನೆನೆಯಿತು. ತಿಪ್ಪವ್ವ ಗಿರಣಿಯಲ್ಲಿ ಹತ್ತಿಯ ಕಸ ಆರಿಸಲು ಹೋದಳು. ಎದುರು ಮನೆಯ ನೇಕಾರ ಹೊಳೆಯಪ್ಪ ಪೇಟೆಯಲ್ಲಿ ಹತ್ತಿಯ ಅಂಡಿಗೆ ಹೊರುವ ಹಮಾಲನಾದ. ಮಳೆಗೆ ಸೊಟ್ಟಾಗಿಹೋದ ತನ್ನ ಮಗ್ಗವನ್ನು ಕಡಿದು ಒಲೆಗೆ ಹಾಕಿದ. ಆ ಹೊಗೆ ಮೂಗಿಗೆ ಬಡಿದ ದಿನ ತಿಪ್ಪವ್ವ ಹಾರೆ ತಂದು ಪರಸಿಗಲ್ಲು ಎಬ್ಬಿಸಿ, ಕುಣಿ ತೋಡಿ ಮಗ್ಗ ಹೂಡಿದಳು.

ಸುದ್ದಿ ತಿಳಿದು ಪುಂಡಲೀಕಪ್ಪ ಇಂಜಿನಿಯರರನ್ನು ಕರೆದುಕೊಂಡೇ ಬಂದ. ತಿಪ್ಪವ್ವ ನೇಯುತ್ತಿದ್ದಳು; ಏಳಲಿಲ್ಲ.

“ಯಾರನ್ನ ಕೇಳಿ ಕಲ್ಲು ಕಿತ್ತಿರಿ?” ಎಂದರು ಇಂಜಿನಿಯರರು.

“ನಿಮ್ಮನ್ನ ಕೇಳೇರಿ. ಇದ ನೋಡ್ರಿ ಕುಣಿ. ಧಾರಾಳ ಅಂದಿದ್ರೆಲ್ರಿ. ಈಗ ಬ್ಯಾಡಂದ್ರ ಮನಿ ತಗೊಂಡ ಹೋಗ್ರಿ, ಈ ಸೀರಿ ಮುಗಿಲಿ.”

ಇಂಜಿನಿಯರರು ಕುಣಿಯೊಳಗಿನ ಅವಳ ಕಾಲು ನೋಡಿದರು. ಆಮೇಲೆ ಗುಮಾಸ್ತನತ್ತ ತಿರುಗಿದರು.

“ನಿಮಗೆ ಗೊತ್ತಿತ್ತೇನ್ರಿ ಇದು?”

“ಗೊತ್ತಿತ್ರಿ… ನೀವ್ ನಕ್ರಿ ಅಂತ ನಾನೂ ನಕ್ಕೆ.”

ನೇಯುವವರೆಲ್ಲ ಕಲ್ಲು ಎಬ್ಬಿಸಿಕೊಳ್ಳಲು ಅಪ್ಪಣೆಯಾಯಿತು. ಹೊಳೆಯಪ್ಪನಿಗೂ ಆಯಿತು. ಕುಣಿಯ ಮೇಲೆ ಹೂಡಲು ಅವನ ಬಳಿ ಮಗ್ಗವಿರಲಿಲ್ಲ. ಅದನ್ನು ಮರಳಿ ಕೊಡಿಸುವುದು ಯಾರ ಕೆಲಸವೂ ಆಗಲಿಲ್ಲ. ಅಂಡಿಗೆ ಹೊರುತ್ತಲೇ ಅವನು ಮುದುಕನಾದ.

ಹೊಸ ಮನೆಗಳನ್ನು ಯಾರಾದರೂ ಹೊಗಳಿದರೆ ತಿಪ್ಪವ್ವ ಲಾಳಿ ನಿಲ್ಲಿಸುತ್ತಿದ್ದಳು.

“ಮನಿ ಚಲೋ ಅದಾವ್ರಿ, ಖರೇನ. ಆ ಮಾತು ಹೊಳೆಯಪ್ಪನ ಬಾಗಲದಾಗ ನಿಂತು ಅನ್ರಿ ನೋಡೂಣು.”