ಹದಿನಾರು ದೀಪದ ಕಾರ್ಡು

ಮೂರು ದಿನ ಕ್ಯಾಟಲಾಗು ಓದಿದರೆ ನಾಲ್ಕನೆಯ ದಿನ ಮನುಷ್ಯ ಎಂಜಿನಿಯರ್ ಆಗುತ್ತಾನೆ ಎಂದು ನಾನು ಮನಸಾರೆ ನಂಬಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು. ದಿನಾ ಟಿಕೋಟಾದಿಂದ ಬಸ್ಸಿನಲ್ಲಿ ವಿಜಾಪುರಕ್ಕೆ ಬಂದು, ಸೊಲ್ಲಾಪುರ ರಸ್ತೆಯ ಒಂದು ಕುಸುಬಿ ಎಣ್ಣೆ ಮಿಲ್ಲಿನಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದೆ. ಕೈಯಲ್ಲಿ ಹೊಸ ಡಿಪ್ಲೊಮಾ ಇತ್ತು. ತಲೆಯಲ್ಲಿ ಏನಿತ್ತು ಎಂಬುದು ಮುಂದೆ ಗೊತ್ತಾಗುತ್ತದೆ.

ಎಣ್ಣೆ ಮಿಲ್ಲಿನಲ್ಲಿ ಯಂತ್ರಗಳು ಕ್ರಮವಾಗಿ ಶುರುವಾಗಬೇಕು. ಮೊದಲು ಗಾಣ ತಿರುಗಬೇಕು, ಆಮೇಲೆ ಅದಕ್ಕೆ ಕಾಳು ಸುರಿಯುವ ಎಲಿವೇಟರ್. ತಿರುಗುಮುರುಗಾದರೆ ಕಾಳು ಉಕ್ಕಿ ನೆಲದ ಪಾಲು. ಈ ಕ್ರಮ ಕಾಯುತ್ತಿದ್ದದ್ದು ಗೋಡೆಯಗಲದ ರಿಲೇ ಪ್ಯಾನಲ್, ಅಂದರೆ ಕರೆಂಟು ಹರಿದಾಗ ತಾವಾಗಿಯೇ ಟಿಕ್ ಎಂದು ಕೂಡುವ ಸ್ವಿಚ್ಚುಗಳ ಸಾಲು. ಆ ಪ್ಯಾನಲನ್ನು ಕಾಯುತ್ತಿದ್ದವರು ಬಬಲೇಶ್ವರದ ವಯಸ್ಸಾದ ವೈರ್‌ಮನ್. ರಿಲೇಗಳ ಟಿಕ್ ಟಿಕ್ ಕೇಳಿಯೇ ಯಾವುದು ಕೆಟ್ಟಿದೆ ಎಂದು ಹೇಳುತ್ತಿದ್ದರು. ನನಗೋ ಎಲ್ಲ ಟಿಕ್ಕೂ ಒಂದೇ.

ಮಿಲ್ಲಿನ ಸಾವ್ಕಾರರು ಮುಂಬೈಗೆ ಹೋದಾಗ ಯಾವುದೋ ಕಾರ್ಖಾನೆಯಲ್ಲಿ ಪ್ರೋಗ್ರಾಮೆಬಲ್ ಕಂಟ್ರೋಲರ್ ನೋಡಿ ಬಂದರು. "ಗೋಡಿ ತುಂಬ ಇರೋದನ್ನ ಒಂದ ಪೆಟಗಿಯೊಳಗ ಹಾಕ್ಯಾರಪಾ! ಯಾವ ಯಾವ ತುಂಡು ಬೇಕು ನೀನ ಆರಿಸು," ಎಂದು ಕ್ಯಾಟಲಾಗು ನನ್ನ ಕೈಗಿತ್ತರು. ವೈರ್‌ಮನ್ ಕೈಗಲ್ಲ, ನನ್ನ ಕೈಗೆ. ಆ ಕ್ಷಣದಿಂದ ನನ್ನ ನಡಿಗೆಯೇ ಬದಲಾಯಿತು.

ಟಿಕೋಟಾ ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಪಾಠ ಮಾಡಿದೆ. ಪ್ರೊಸೆಸರ್ ಅಂದರೆ ಮಿದುಳು. ಗುಂಡಿ ಒತ್ತಿದ್ದು ಕೇಳಿಸಿಕೊಳ್ಳುವ ಇನ್‌ಪುಟ್ ಕಾರ್ಡು ಕಿವಿ. ಮೋಟರ್ ಚಾಲೂ ಮಾಡುವ ಔಟ್‌ಪುಟ್ ಕಾರ್ಡು ಕೈ.

"ಅದಕ ಹೊಟ್ಟಿ ಐತೇನಪಾ?" ಪಕ್ಕದಲ್ಲಿ ಕೂತ ಅಜ್ಜಿ ಕೇಳಿದಳು.

"ಪವರ್ ಸಪ್ಲೈ ಐತಿ, ಯವ್ವಾ."

"ಹಂಗಾದ್ರ ನಿನ್ನಂಗ ಉಂಡು ಕುಂದರತೈತಿ ಬಿಡು."

ಕಿವಿಗಳನ್ನು ಸರಿಯಾಗಿಯೇ ಆರಿಸಿದೆ. ಸೀಮೆಸುಣ್ಣ ಹಿಡಿದು ಮಿಲ್ಲೆಲ್ಲ ತಿರುಗಿ ಒಂದೊಂದು ಗುಂಡಿಗೂ ನಂಬರು ಬರೆದೆ. ಎಡವಿದ್ದು ಕೈಗಳಲ್ಲಿ. ಪುಟದಲ್ಲಿ ಎರಡು ಔಟ್‌ಪುಟ್ ಕಾರ್ಡುಗಳಿದ್ದವು. ಮೋಟರಿಗೊಂದು ದೀಪದಂತೆ ಒಂದರಲ್ಲಿ ಎಂಟು ದೀಪ, ಇನ್ನೊಂದರಲ್ಲಿ ಹದಿನಾರು. ಎಂಟರದು ಎರಡು ತರಿಸುವುದಕ್ಕಿಂತ ಹದಿನಾರರದು ಒಂದೇ ಸಾಕಲ್ಲ! ಎಂಟರದು ಲೈನ್ ಕರೆಂಟಿಗೆ, ಹದಿನಾರರದು ಬ್ಯಾಟರಿಯಂಥ ಇಪ್ಪತ್ತನಾಲ್ಕು ವೋಲ್ಟಿನ ಡಿಸಿಗೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಸಣ್ಣ ಅಕ್ಷರ ಸಣ್ಣವರಿಗೆ ಎಂದು ಪುಟ ತಿರುವಿದೆ.

ಸಾಮಾನು ಬಂತು. ವೈರ್‌ಮನ್ ಕನ್ನಡಕ ಏರಿಸಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಇಂಗ್ಲಿಷ್ ಓದಲು ಬಾರದು. ಆದರೆ ಗುರುತು ಗೊತ್ತು: ಡೊಂಕು ಗೆರೆ ಲೈನ್ ಕರೆಂಟಿನದು, ನೇರ ಗೆರೆ ಡಿಸಿಯದು.

"ನಮ್ಮ ಮೋಟರ್ ಸ್ವಿಚ್ಚಿನ ಕಾಯಿಲ್ ಮ್ಯಾಲೆಲ್ಲ ಹಾವಿನಂಥಾ ಗೆರಿ ಐತ್ರಿ. ಈ ಕಾರ್ಡಿನ ಮ್ಯಾಲ ನೆಟ್ಟನ ಗೆರಿ ಐತಿ. ನಡೀತೈತೇನ್ರಿ?"

ಸುತ್ತ ಹಮಾಲರು ನಿಂತಿದ್ದರು. ನಗಿಸುವ ಅವಕಾಶ ಬಿಡುವ ಜಾತಿ ನನ್ನದಲ್ಲ.

"ಹಾವು ಹುಡುಕೋದಿದ್ರ ಹೊಲಕ್ಕ ಹೋಗ್ರಿ ಕಾಕಾ. ಇದು ಸೈನ್ಸು!"

ಎಲ್ಲರೂ ನಕ್ಕರು. ಅವರೂ ನಕ್ಕಂತೆ ಮಾಡಿ ಸ್ಕ್ರೂಡ್ರೈವರ್ ಎತ್ತಿಕೊಂಡು, ಹಳೆಯ ಪ್ಯಾನಲಿನ ವೈರುಗಳನ್ನು ಬಿಚ್ಚಿ ಹೊಸ ಪೆಟ್ಟಿಗೆಗೆ ಜೋಡಿಸಿದರು.

ಹೊಸ ಯಂತ್ರಕ್ಕೆ ಪೂಜೆ ಆಗಲೇಬೇಕು. ಹಳೆಯ ಕೆಲಸಗಾರ ಎಂದು ಅದು ಯಾವಾಗಲೂ ವೈರ್‌ಮನ್ ಪಾಲು. ಪೆಟ್ಟಿಗೆಗೆ ವಿಭೂತಿ, ಕುಂಕುಮ ಹಚ್ಚಿ, ಸಾವ್ಕಾರರೇ ಕೊಟ್ಟ ಕಾಯಿ ಒಡೆದು, ಮುಚ್ಚಿದ ಬಾಗಿಲಿಗೆ ನಾಲ್ಕು ಹನಿ ಕಾಯಿನೀರು ಚಿಮುಕಿಸಿದರು. ನಾನು ಗುಂಡಿ ಒತ್ತಿದೆ. ಒಂದು ದೀಪ ಹತ್ತಿತು. ಫಟ್ ಎಂದಿತು. ಊದುಬತ್ತಿಯದಲ್ಲದ ಹೊಗೆ ಬಂತು.

"ನೀರು ಒಳಗ ಹೋತೇನೋ?" ಸಾವ್ಕಾರರು ನನ್ನತ್ತ ತಿರುಗಿದರು.

ಬಾಗಿಲು ತೆಗೆದು ನೋಡಿದೆ. ಒಳಗೆಲ್ಲ ಒಣಗಿತ್ತು. ಕಾರ್ಡಿನ ಹೊಟ್ಟೆ ಮಾತ್ರ ಕರಕಲಾಗಿತ್ತು. ಸಣ್ಣ ಅಕ್ಷರ ಆಗ ನೆನಪಾಯಿತು, ಅದೂ ಊರಬಾಗಿಲಿನಷ್ಟು ದೊಡ್ಡದಾಗಿ. ಆದರೂ ನನ್ನ ಬಾಯಿ ಅಂದದ್ದು: "ಹೌದ್ರಿ, ನೀರು ಬಿದ್ದಾವ್ರಿ."

ಎಷ್ಟೋ ದಡ್ಡತನಗಳನ್ನು ಉಪ್ಪುಖಾರ ಹಚ್ಚಿ ಹೇಳಿ ಜನರನ್ನು ನಗಿಸಿದ್ದೇನೆ. ಈ ಮೂರು ಮಾತಿಗೆ ಹಚ್ಚಲು ಉಪ್ಪೂ ಇಲ್ಲ, ಖಾರವೂ ಇಲ್ಲ.

"ಕಾಕಾ, ನೀ ಇನ್ನ ಮನ್ಯಾಗ ಆರಾಮ ಇರಪಾ," ಎಂದರು ಸಾವ್ಕಾರರು. ವೈರ್‌ಮನ್ ನನ್ನ ಮುಖವನ್ನು ಒಮ್ಮೆ ನೋಡಿ, ಟವೆಲಿನಿಂದ ಪೆಟ್ಟಿಗೆಯ ಕುಂಕುಮ ಒರೆಸಿ, ಬಬಲೇಶ್ವರದ ಬಸ್ಸು ಹತ್ತಿದರು.

ಮರುದಿನ ಬೇರೆ ಕಾರ್ಡಿಗೆ ಪತ್ರ ಬರೆಯಲು ಕೂತಾಗ ಸಿಕ್ಕಿಬಿದ್ದದ್ದು ಅರ್ಥವಾಯಿತು. ಅದೇ ಕಾರ್ಡು ತರಿಸಿದರೆ ಮತ್ತೆ ಸುಡುತ್ತದೆ. ಎಂಟರದು ತರಿಸಿದರೆ, ಯಾಕೆ ಬದಲಾಯಿಸಿದೆ ಎಂದು ಸಾವ್ಕಾರರು ಕೇಳುತ್ತಾರೆ. ಅಷ್ಟರಲ್ಲಿ ಮಿಲ್ಲು ನಿಂತಿತ್ತು, ಅಂಗಳದಲ್ಲಿ ಕುಸುಬಿ ಚೀಲಗಳು ಮಾಳಿಗೆಯೆತ್ತರಕ್ಕೆ ಏರುತ್ತಿದ್ದವು. ಹಳೆಯ ಪ್ಯಾನಲ್‌ಗೆ ವೈರುಗಳನ್ನು ಮರಳಿ ಜೋಡಿಸೋಣವೆಂದು ಹೋದರೆ, ಅದರ ನಕ್ಷೆ ಇದ್ದದ್ದು ಬಬಲೇಶ್ವರದಲ್ಲಿ, ಒಬ್ಬ ಮನುಷ್ಯನ ತಲೆಯೊಳಗೆ.

ನಾಲ್ಕನೆಯ ದಿನ ಅಲ್ಲಿಗೆ ಹೋದೆ. ಅವರು ಕಟ್ಟೆಯ ಮೇಲೆ ಯಾರದೋ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದರು. ನಿಂತಲ್ಲೇ ಎಲ್ಲ ಒದರಿಬಿಟ್ಟೆ.

"ಗೊತ್ತೈತ್ರಿ," ಎಂದರು ತಲೆ ಎತ್ತದೆ. "ಸುಟ್ಟ ವಾಸನಿ ಒಳಗಿಂದು. ನೀರು ಹೊರಗ ಬಿದ್ದಿದ್ವು."

"ಮತ್ಯಾಕ ಅವತ್ತ ಹೇಳಲಿಲ್ರಿ, ಕಾಕಾ?"

"ನೀವು ಹೇಳ್ತೀರೇನಂತ ಕಾದೆ."

ಬೈದಿದ್ದರೆ ಚೆನ್ನಾಗಿತ್ತು. ಒದ್ದಿದ್ದರೆ ಇನ್ನೂ ಚೆನ್ನಾಗಿತ್ತು. ಅವರು ಚಹಾ ಕುಡಿಸಿದರು. ಆಮೇಲೆ, "ನನಗ ಹೇಳಿ ಏನ ಮಾಡ್ತೀರಿ? ಹೇಳಬೇಕಾದವ್ರಿಗೆ ಹೇಳ್ರಿ. ನಡ್ರಿ, ಕಾಳು ಕೆಡತಾವು," ಎಂದು ಚೀಲ ಹೆಗಲಿಗೇರಿಸಿದರು.

"ಮಿಲ್ಲು ಚಾಲೂ ಆಗೂಮಟ ಇರಲಿ," ಎಂದು ಸಾವ್ಕಾರರು ಅವರನ್ನು ಒಳಗೆ ಬಿಟ್ಟರು. ಮಧ್ಯಾಹ್ನದೊಳಗೆ ಹಳೆಯ ಪ್ಯಾನಲ್ ಟಿಕ್ ಟಿಕ್ ಎಂದಿತು, ಗಾಣ ಗುಡುಗಿತು. ಈ ಗದ್ದಲದಲ್ಲಿ ಹೇಳಿದರೆ ಸಾವ್ಕಾರರಿಗೆ ಮಾತ್ರ ಕೇಳುತ್ತದೆಂದು ಲೆಕ್ಕ ಹಾಕಿ ಅವರ ಬಳಿ ಹೋದೆ.

"ಕಾರ್ಡು ಸುಟ್ಟಿದ್ದು ನನ್ನಿಂದ್ರಿ."

"ಏನು?"

"ನಾನ ತಪ್ಪು ಕಾರ್ಡು ಆರಿಸಿದ್ನಿರಿ!"

"ಕೇಳಾಕತ್ತಿಲ್ಲಪಾ, ಜೋರಾಗಿ ಅನ್ನು!"

ಎದೆ ತುಂಬ ಉಸಿರೆಳೆದುಕೊಂಡು ಕೂಗಿದೆ. ಸರಿಯಾಗಿ ಅದೇ ಹೊತ್ತಿಗೆ ವೈರ್‌ಮನ್ ಯಾವುದೋ ರಿಲೇ ನೋಡಲೆಂದು ಗಾಣ ನಿಲ್ಲಿಸಿದರು. "ನೀರಿಂದಲ್ರಿ, ಕಾಕಾಂದಲ್ರಿ, ನನ್ನ ತಪ್ಪು, ನಾ ಸುಳ್ಳು ಹೇಳೀನ್ರಿ!" ಎಂಬ ನನ್ನ ಕಿರುಚಾಟ ಅಂಗಳ ದಾಟಿ ರಸ್ತೆಗೂ ಕೇಳಿಸಿತು. ಹಮಾಲರು ಬೆನ್ನ ಮೇಲಿನ ಚೀಲ ಇಳಿಸದೆ ಹಾಗೇ ನಿಂತರು.

ಈ ಸಲ ಯಾರೂ ನಗಲಿಲ್ಲ. ಸಾವ್ಕಾರರು ನನ್ನನ್ನು ಬಿಟ್ಟು ಪ್ಯಾನಲ್ ಕಡೆಗೆ ನಡೆದರು. ಮುದುಕರ ಮುಂದೆ ನಿಂತು, ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. "ಕಾಕಾ, ನಾಳಿಂದ ಯಾವಾಗಿನಂಗ ಬಾರಪಾ," ಎಂದರು.

"ಬರ್ತೀನ್ರಿ," ಎಂದು ವೈರ್‌ಮನ್ ಗಾಣವನ್ನು ಮತ್ತೆ ಚಾಲೂ ಮಾಡಿದರು.