‘ಮೂಲ ತಿಳಿಯದು’ ಎಂದು ಬರೆದವರು

ತನ್ನಿಂದ ಇದು ಆದೀತೇ? ನಾಲ್ಕು ಜನ ಸೇರಿದರೆ ನಾಲಗೆ ಹೊರಳದವನು ಧಾತುಕೋಶದಂಥ ದೊಡ್ಡ ಕೆಲಸಕ್ಕೆ ಹೆಗಲು ಕೊಡಬಲ್ಲನೇ? ಮೇಡಂ ಅವರ ನಿವೃತ್ತಿ ಹತ್ತಿರವಾದಂತೆಲ್ಲ ಈ ಶಿಷ್ಯನನ್ನು ಈ ಪ್ರಶ್ನೆ ಕೂತಲ್ಲಿ ಕೂರಲು ಬಿಡಲಿಲ್ಲ.

ಸಂಸ್ಕೃತ ಧಾತುಗಳ ಹುಟ್ಟನ್ನೂ ಅರ್ಥವನ್ನೂ ಅರಸುವ ವಿದ್ವಾಂಸರಲ್ಲಿ, ಧಾತುಕೋಶದ ಪ್ರಧಾನ ಸಂಪಾದಕರಾಗಿ ಈಗ ನಿವೃತ್ತರಾಗುತ್ತಿರುವ ಮೇಡಂ ಅವರದು ಬೇರೆಯೇ ಸ್ಥಾನ. ಪಾಂಡಿತ್ಯ ಹಲವರಲ್ಲಿರುತ್ತದೆ, ದಾರಿ ಕಾಣದ ಕಡೆ ನಿಲ್ಲುವ ಸಂಯಮ ಎಲ್ಲರಿಗೂ ದಕ್ಕುವುದಿಲ್ಲ.

ಈ ಶಿಷ್ಯ ಪದವಿ ಮುಗಿಸಿ ಕೋಶದ ಕೋಣೆಗೆ ಬಂದಾಗ ತಿಂಗಳುಗಟ್ಟಲೆ ತುಟಿ ಬಿಚ್ಚಿರಲಿಲ್ಲ. ಜೊತೆಯವರು ‘ಮೌನಿಬಾಬಾ’ ಎಂದು ಕರೆದು ನಗುತ್ತಿದ್ದರು. ಮೇಡಂ ಮಾತ್ರ ಅವನನ್ನು ಮಾತಾಡಿಸಲು ಹೋಗದೆ ಕೆಲಸಕ್ಕೆ ಹಚ್ಚಿದರು. ಧಾತುವೆಂದರೆ ಕ್ರಿಯೆ, ಮಾಡಿ ನೋಡದೆ ಅರ್ಥ ಬರೆಯಕೂಡದು ಎಂಬುದು ಅವರ ಪಾಠ. ‘ಕೃಷ್’ ಎಂದರೆ ಎಳೆಯುವುದು. ಅದೇ ಉಳುವುದೂ ಹೇಗಾಯಿತೆಂದು ಅವನು ಗ್ರಂಥಗಳಲ್ಲಿ ತಡಕಾಡುತ್ತಿದ್ದಾಗ, ಅವರು ಎದ್ದು ಮೇಜಿನ ಒಂದು ತುದಿ ಹಿಡಿದರು.

“ನೀನು ಆ ಕಡೆ ಹಿಡ್ಕೋ. ಎತ್ತಬೇಡ, ಎಳಿ.”

ಮೇಜು ಕಿರುಗುಟ್ಟುತ್ತ ಸರಿಯಿತು. ಅದರ ಕಾಲು ನೆಲದ ಮೇಲೆ ಉದ್ದಕ್ಕೆ ಒಂದು ಗೀರು ಬಿಟ್ಟಿತು. ಎಳೆದರೆ ಗೀರು, ಮಣ್ಣಿನಲ್ಲಿ ಎಳೆದರೆ ನೇಗಿಲಸಾಲು. ಬಾಗಿಲಲ್ಲಿ ನಿಂತಿದ್ದ ಜವಾನ ತಲೆ ಚಚ್ಚಿಕೊಂಡ.

“ಮೊನ್ನೆ ತಾನೇ ನೆಲ ಹಾಕ್ಸಿದ್ದು ಮೇಡಂ. ಉತ್ತಿದ್ದಾಯ್ತು, ಬಿತ್ತೋದು ಯಾವಾಗ?”

ಆ ಕೋಣೆಯಲ್ಲಿ ಈ ಶಿಷ್ಯ ಮೊದಲ ಬಾರಿ ಬಾಯ್ತುಂಬ ನಕ್ಕದ್ದು ಅಂದೇ.

ಮುಂದೆ ಮೊದಲ ಸಂಪುಟ ಅಚ್ಚಿಗೆ ಸಿದ್ಧವಾದಾಗ ಕೋಶ ನಡೆಸುವ ಸಮಿತಿಯ ಅಧ್ಯಕ್ಷರು ‘ದುಹಿತೃ’ ಪದದ ಬಳಿ ತಡೆದರು. “ದುಹ್ ಅಂದ್ರೆ ಹಾಲು ಕರೆಯೋದು, ದುಹಿತೃ ಅಂದ್ರೆ ಹಾಲು ಕರೆಯೋ ಮಗಳು. ಚಿಕ್ಕಂದಿನಿಂದ ಕೇಳಿದ್ದೀವಿ. ಇಲ್ಲಿ ನೋಡಿದ್ರೆ ‘ಮೂಲ ತಿಳಿಯದು’ ಅಂತಿದೆ.”

“ಕೇಳೋಕೆ ಚೆಂದ ಸಾರ್, ನನಗೂ ಇಷ್ಟವೇ. ಆದ್ರೆ ಆಧಾರ ಸಾಲದು” ಎಂದರು ಮೇಡಂ.

“ತಿಳಿಯದು ಅಂತ ಬರೆಯೋಕೂ ಸಂಬಳ ಕೊಡ್ಬೇಕೇ? ಇದಕ್ಕಿಂತ ಕೋಶ ಮುಚ್ಚೋದೇ ವಾಸಿ.”

“ತಿಳಿಯದು ಅನ್ನೋದನ್ನೂ ಯಾರಾದ್ರೂ ಹುಡುಕಿಯೇ ತಿಳ್ಕೋಬೇಕಲ್ಲ ಸಾರ್.”

ಯಾರೋ ಕಿಸಕ್ಕೆಂದರು. ಅಧ್ಯಕ್ಷರೂ ನಗು ತಡೆಯಲಾರದೆ ಹೋದರು. ಸಂಪುಟ ಅಚ್ಚಾಯಿತು, ‘ಮೂಲ ತಿಳಿಯದು’ ಎಂಬ ಆ ಎರಡು ಪದಗಳೂ ಹಾಗೆಯೇ ಉಳಿದವು.

ಈ ವರ್ಷ ಅದೇ ಸಮಿತಿ ಷರತ್ತು ಹಾಕಿತು: ಮೇಡಂ ಅವರ ಬಳಿಕ ಹೊಣೆ ಹೊರಲು ಒಬ್ಬರು ಮುಂದೆ ಬಂದರೆ ಕೋಶ ನಡೆದೀತು, ಇಲ್ಲವಾದರೆ ಬಾಗಿಲು ಮುಚ್ಚಬೇಕಾದೀತು. ಎಲ್ಲರ ಕಣ್ಣು ಈ ಶಿಷ್ಯನ ಮೇಲೆ ಬಿತ್ತು.

“ಅವನಿಗೆ ಅವಸರ ಮಾಡ್ಬೇಡಿ, ಯೋಚಿಸಲಿ” ಎಂದು ಮೇಡಂ ಸಭೆಯಿಂದ ಒಂದು ವಾರ ಕೇಳಿ ಪಡೆದರು.

ಆ ವಾರದಲ್ಲಿ ಒಂದು ಸಂಜೆ ಕರಡು ತಿದ್ದುತ್ತ, ತಲೆಯೆತ್ತದೆಯೇ ಹೇಳಿದರು: “ಮಾತಾಡೋರು ಬೇಕಾದಷ್ಟು ಜನ ಸಿಗ್ತಾರೆ ಕಣಪ್ಪ. ಅನುಮಾನ ಪಡೋರು ಸಿಗಲ್ಲ. ನನಗೂ ಮೊದಲು ಭಯವಿತ್ತು.”

“ಆಮೇಲೆ ಹೋಯ್ತಾ ಮೇಡಂ?”

“ಎಲ್ಲಿ ಹೋಗತ್ತೆ? ಇಲ್ಲೇ ಇದೆ. ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಕೂರ್ಸಿದೀನಿ.”

ಮುಂದಿನ ಸಭೆಯಲ್ಲಿ ಈ ಶಿಷ್ಯ ಎದ್ದು ನಿಂತು “ಆಗಲಿ, ನಾನು ನೋಡ್ಕೋತೀನಿ” ಎಂದ. ದನಿ ಕಡೆಯ ಸಾಲಿನವರೆಗೂ ಕೇಳಿಸಿತು. ಎರಡನೆಯ ಸಂಪುಟದ ಕೆಲಸ ಈಗ ಆರಂಭವಾಗಿದೆ. ಹೊಸಬರಿಬ್ಬರು ಸೇರಿದ್ದಾರೆ, ಕೋಣೆಯಲ್ಲಿ ಮತ್ತೆ ವಾದ ಕೇಳಿಸುತ್ತಿದೆ.

ಮೇಡಂ ಅವರ ಆಯುಸ್ಸು ಬೆಳೆಯಲಿ, ಸಣ್ಣ ಅಕ್ಷರಕ್ಕೆ ಅವರ ಕಣ್ಣು ಸೋಲದಿರಲಿ, ಅವರೇ ಬರೆಯಬೇಕೆಂದಿರುವ ಧಾತುಗಳ ಕಥನ ಈ ಬಿಡುವಿನಲ್ಲಿ ಪುಸ್ತಕವಾಗಲಿ. ಬೀಳ್ಕೊಡುಗೆಯ ಸಭೆಯಲ್ಲಿ ಈ ಶಿಷ್ಯ ಇಷ್ಟನ್ನೇ ಹಾರೈಸಿದ. “ಇನ್ನೊಂದು ವರ್ಷ ನನ್ನ ಜೊತೆ ಇರಿ ಮೇಡಂ” ಎಂದು ಕೇಳುವ ಆಸೆಯಿದ್ದರೂ ಅವನು ಎಂದೂ ಕೇಳಲಿಲ್ಲ; ತನ್ನ ಭಯಕ್ಕೂ ಪಕ್ಕದಲ್ಲಿ ಒಂದು ಕುರ್ಚಿ ಹಾಕಿದ್ದ.